ತಾಕತ್ತಿನ ಪುಡಿ, ತಾಕತ್ತಿನ ಸೂಜಿ: ಪ್ರೌಢಶಾಲೆ ಮೈದಾನದಲ್ಲೇ ಬೇಕು ಕಡಿವಾಣ

ಕಿಣ್ಣಿ ಸುಲ್ತಾನ (ಆಳಂದ ತಾ.): ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ರಾಜ್ಯದ ಶಾಲಾ ಮೈದಾನಗಳು ಕಳೆಗಟ್ಟುತ್ತವೆ. ತಾಲ್ಲೂಕು ಮಟ್ಟದಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗ ಮಟ್ಟಕ್ಕೆ, ಕೊನೆಗೆ ರಾಜ್ಯ ಮಟ್ಟಕ್ಕೆ ಸಾಗುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಓಟ, ಕಬಡ್ಡಿ, ಕೊಕ್ಕೊ, ಕುಸ್ತಿಯಲ್ಲಿ ಪಳಗಿದ ಮಕ್ಕಳಿಗೆ ಇದು ಬರೀ ಆಟವಲ್ಲ. ಕ್ರೀಡಾ ನಿಲಯದ ಪ್ರವೇಶ, ವೃತ್ತಿಶಿಕ್ಷಣದಲ್ಲಿ ಕ್ರೀಡಾ ಕೋಟಾದ ಸೀಟು, ಮುಂದೊಂದು ದಿನ ಪೊಲೀಸ್ ಅಥವಾ ರೈಲ್ವೆ ನೌಕರಿ, ಹೀಗೆ ಒಂದು ಪದಕದ ಹಿಂದೆ ಇಡೀ ಕುಟುಂಬದ ಆಸೆ ನಿಂತಿರುತ್ತದೆ.

ಆಸೆ ಇರುವಲ್ಲಿ ಅಡ್ಡದಾರಿಯೂ ತೆರೆದುಕೊಳ್ಳುತ್ತದೆ. ಸ್ನಾಯು ಬೆಳೆಸುವ ಸ್ಟೀರಾಯ್ಡ್ ಅಂಥ ಅಡ್ಡದಾರಿಗಳಲ್ಲಿ ಒಂದು. ಮಹಾನಗರದ ಜಿಮ್‌ಗಳಿಗೆ ಸೀಮಿತವಾದ ಪಿಡುಗು ಇದೆಂದು ಹಲವರು ಭಾವಿಸಿದ್ದಾರೆ. ಆದರೆ ಮೂತ್ರದ ಮಾದರಿ ಸಂಗ್ರಹಿಸುವ ಅಧಿಕಾರಿಗಳು ಬರುವುದು ಬಹುತೇಕ ದೊಡ್ಡ ಕ್ರೀಡಾಕೂಟಗಳಿಗೆ ಮಾತ್ರ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಅವರ ಕಾವಲು ತಲುಪುವುದಿಲ್ಲ. ಹೀಗಾಗಿ ಹೈಸ್ಕೂಲು ಮಕ್ಕಳ ವಿಚಾರದಲ್ಲಿ ತಡೆಯ ಹೊಣೆ ಬೀಳುವುದು ದೈಹಿಕ ಶಿಕ್ಷಣ ಶಿಕ್ಷಕರು, ಪೋಷಕರು ಮತ್ತು ಊರಿನ ಔಷಧ ಅಂಗಡಿಯವರ ಮೇಲೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿಯೊಂದಿದೆ. ಸ್ಟೀರಾಯ್ಡ್ ಎಂಬ ಹೆಸರು ಹೇಳಿ ಅದನ್ನು ಮಗುವಿನ ಕೈಗೆ ಯಾರೂ ಕೊಡುವುದಿಲ್ಲ. ಅದು ಬರುವುದು 'ವಿಟಮಿನ್', 'ತಾಕತ್ತಿನ ಸೂಜಿ', 'ಬಾಡಿ ಪೌಡರ್', 'ಗಿಡಮೂಲಿಕೆ' ಎಂಬ ಹೆಸರುಗಳಲ್ಲಿ.

ಕರಾವಳಿಯ ಓಟಗಾರ್ತಿಯ ಪಾಠ

ಈ ಮಾತಿಗೆ ಕರ್ನಾಟಕದಲ್ಲೇ ನಿದರ್ಶನವಿದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಕೃಷಿಕ ಕುಟುಂಬದಿಂದ ಬಂದ ಅಶ್ವಿನಿ ಅಕ್ಕುಂಜಿ 2010ರಲ್ಲಿ ನಾಡಿನ ಮನೆಮಾತಾದರು. ಆ ವರ್ಷ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಮುಂದಿನ ತಿಂಗಳು ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇ ಎರಡರಲ್ಲೂ ಚಿನ್ನ ಗಳಿಸಿದರು.

ಆದರೆ 2011ರ ಮಧ್ಯಭಾಗದಲ್ಲಿ ಅಶ್ವಿನಿ ಸೇರಿದಂತೆ ಭಾರತದ ಹಲವು ಅಥ್ಲೀಟ್‌ಗಳ ಮಾದರಿಯಲ್ಲಿ ನಿಷೇಧಿತ ಸ್ಟೀರಾಯ್ಡ್ ಪತ್ತೆಯಾಯಿತು. ಅಶ್ವಿನಿ ಅವರ ಮಾದರಿಯಲ್ಲಿ ಕಂಡುಬಂದದ್ದು ಮೆಥಾಂಡಿಯನೋನ್. ಉಕ್ರೇನ್ ಮೂಲದ ತರಬೇತುದಾರ ಯೂರಿ ಒಗೊರೊದ್ನಿಕ್ ಅವರನ್ನು ಸರ್ಕಾರ ವಜಾಗೊಳಿಸಿತು. ತರಬೇತುದಾರರು ಚೀನಾದಿಂದ ತಂದು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಪೂರಕ ಆಹಾರವನ್ನು ನಂಬಿ ಸೇವಿಸಿದ್ದೇ ಇದಕ್ಕೆ ಕಾರಣ ಎಂಬುದು ಕ್ರೀಡಾಪಟುಗಳ ವಾದವಾಗಿತ್ತು.

ಅವರ ವಾದವನ್ನು ಪರಿಗಣಿಸಿದ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ (ನಾಡಾ) ಶಿಸ್ತು ಸಮಿತಿಯು 2011ರ ಡಿಸೆಂಬರ್‌ನಲ್ಲಿ ಶಿಕ್ಷೆಯನ್ನು ಒಂದು ವರ್ಷದ ನಿಷೇಧಕ್ಕೆ ಸೀಮಿತಗೊಳಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ ಮೇಲ್ಮನವಿ ಸಲ್ಲಿಸಿತು. 2012ರ ಜುಲೈನಲ್ಲಿ ಕ್ರೀಡಾ ವ್ಯಾಜ್ಯಗಳ ನ್ಯಾಯಮಂಡಳಿಯು ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಅವರ ಕೈತಪ್ಪಿತು.

'ನನಗೆ ಗೊತ್ತಿರಲಿಲ್ಲ, ಗುರುಗಳು ಕೊಟ್ಟರು' ಎಂಬ ಮಾತು ಶಿಕ್ಷೆಯ ಪ್ರಮಾಣವನ್ನು ತಗ್ಗಿಸಬಹುದು, ದೋಷವನ್ನು ಅಳಿಸಲಾರದು. ದೇಹದೊಳಗೆ ಏನು ಸಿಕ್ಕಿದರೂ ಅದಕ್ಕೆ ಕ್ರೀಡಾಪಟುವೇ ಹೊಣೆ ಎಂಬುದು ವಿಶ್ವ ಉದ್ದೀಪನ ಮದ್ದು ತಡೆ ನಿಯಮದ ತಳಹದಿ. ಏಷ್ಯಾಡ್ ಚಾಂಪಿಯನ್‌ ಒಬ್ಬರಿಗೇ ಹೀಗಾಗುವುದಾದರೆ ಒಂಬತ್ತನೆಯ ತರಗತಿಯ ಬಾಲಕ ತನ್ನ ಗುರುವನ್ನು ಪ್ರಶ್ನಿಸುವನೆಂದು ನಿರೀಕ್ಷಿಸುವುದು ಹೇಗೆ?

ಏನಿದು ಸ್ಟೀರಾಯ್ಡ್?

ಸ್ಟೀರಾಯ್ಡ್ ಎಂಬ ಒಂದೇ ಹೆಸರಿನಡಿ ಎರಡು ಬಗೆಯ ಔಷಧಗಳಿವೆ. ಇವೆರಡನ್ನು ಬೆರೆಸಿ ಗೊಂದಲ ಮಾಡಿಕೊಳ್ಳುವುದೇ ಹೆಚ್ಚು.

ಮೊದಲನೆಯದು ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಹಾಗೂ ಅದನ್ನು ಹೋಲುವಂತೆ ಪ್ರಯೋಗಾಲಯದಲ್ಲಿ ತಯಾರಿಸಿದ ನ್ಯಾಂಡ್ರೊಲೋನ್, ಸ್ಟ್ಯಾನೊಝೊಲಾಲ್, ಮೆಥಾಂಡಿಯನೋನ್ ಮುಂತಾದವು. ಇವು ಸ್ನಾಯುಗಳಲ್ಲಿ ಪ್ರೋಟೀನ್ ಶೇಖರಣೆಯನ್ನು ಹೆಚ್ಚಿಸುತ್ತವೆ. ಕಠಿಣ ತಾಲೀಮಿನ ಬಳಿಕ ಬೇಗ ಚೇತರಿಸಿಕೊಳ್ಳುವಂತೆ ಮಾಡುತ್ತವೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ 100 ಮೀಟರ್ ಚಿನ್ನ ಕಳೆದುಕೊಂಡದ್ದು ಸ್ಟ್ಯಾನೊಝೊಲಾಲ್‌ನಿಂದ.

ಎರಡನೆಯದು ಉಬ್ಬಸ, ಅಲರ್ಜಿ, ಕೀಲುನೋವುಗಳಿಗೆ ವೈದ್ಯರು ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಮೊದಲಾದವು. ಇವು ಸ್ನಾಯು ಬೆಳೆಸುವುದಿಲ್ಲ. ಆದರೂ ಹಸಿವು ಹೆಚ್ಚಿಸಿ, ಮೈಯಲ್ಲಿ ನೀರು ತುಂಬಿಸಿ, ಮುಖ ಊದಿಸುವುದರಿಂದ 'ಮೈ ಕೈ ತುಂಬಿಕೊಳ್ಳುವ ಗುಳಿಗೆ'ಯಾಗಿ ದುರ್ಬಳಕೆಯಾಗುವುದುಂಟು. ವೈದ್ಯರ ನಿಗಾ ಇಲ್ಲದೆ ದೀರ್ಘಕಾಲ ಸೇವಿಸಿದರೆ ಮೂಳೆ ಸವೆಯುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಸೋಂಕು ತಡೆಯುವ ಶಕ್ತಿ ಕುಂದುತ್ತದೆ.

ಉಬ್ಬಸಕ್ಕೆ ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಬಳಸುವ ಮಗು ಈ ಬರಹ ಓದಿ ಅದನ್ನು ನಿಲ್ಲಿಸಬಾರದು. ಅಗತ್ಯ ಚಿಕಿತ್ಸೆಗೆ ನಿಷೇಧಿತ ಔಷಧವನ್ನೇ ಬಳಸಬೇಕಾಗಿ ಬಂದರೆ ವೈದ್ಯರ ದಾಖಲೆಯೊಂದಿಗೆ ವಿನಾಯಿತಿ ಪಡೆಯಲು ಕ್ರೀಡಾ ನಿಯಮದಲ್ಲೇ ಅವಕಾಶವಿದೆ.

ಬೆಳೆಯುವ ಮೈಗೆ ದುಪ್ಪಟ್ಟು ಅಪಾಯ

ವಯಸ್ಕರಿಗಿಂತ ಹದಿಹರೆಯದವರಿಗೆ ಸ್ನಾಯುವರ್ಧಕ ಸ್ಟೀರಾಯ್ಡ್ ಹೆಚ್ಚು ಹಾನಿಕರ. ಎಲುಬುಗಳ ತುದಿಯಲ್ಲಿರುವ ಬೆಳವಣಿಗೆಯ ಪದರು ಈ ವಯಸ್ಸಿನಲ್ಲಿ ಇನ್ನೂ ತೆರೆದಿರುತ್ತದೆ. ಹೊರಗಿನಿಂದ ಬಂದ ಹಾರ್ಮೋನು ಈ ಪದರು ಅವಧಿಗೆ ಮುನ್ನವೇ ಬೆಸೆದುಕೊಳ್ಳುವಂತೆ ಮಾಡಬಲ್ಲದು. ಹಾಗಾದರೆ ಎತ್ತರ ಅಲ್ಲಿಗೇ ನಿಲ್ಲುತ್ತದೆ. ಕಬಡ್ಡಿ ಅಂಗಳದಲ್ಲಿ ಬಲಿಷ್ಠನಾಗಲು ಹೊರಟ ಹುಡುಗ ತನ್ನ ಸಹಜ ಎತ್ತರವನ್ನೇ ಕಳೆದುಕೊಳ್ಳಬಹುದು.

ಹುಡುಗರಲ್ಲಿ ದೇಹದ ಸ್ವಂತ ಹಾರ್ಮೋನು ಉತ್ಪಾದನೆ ಕುಸಿಯುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣು ಇಳಿಮುಖವಾಗುತ್ತದೆ, ಎದೆಯ ಭಾಗ ಹೆಣ್ಣುಮಕ್ಕಳಂತೆ ಉಬ್ಬಬಹುದು. ಹುಡುಗಿಯರಲ್ಲಿ ಮುಟ್ಟು ಏರುಪೇರಾಗುತ್ತದೆ, ಮುಖದಲ್ಲಿ ಕೂದಲು ಮೂಡುತ್ತದೆ, ಧ್ವನಿ ಗಡುಸಾಗುತ್ತದೆ. ಹೀಗೆ ಬದಲಾದ ಧ್ವನಿ ಔಷಧ ನಿಲ್ಲಿಸಿದ ಮೇಲೂ ಬಹುತೇಕ ಮರಳುವುದಿಲ್ಲ.

ಇಬ್ಬರಲ್ಲೂ ಬೆನ್ನು, ಮುಖದ ಮೇಲೆ ತೀವ್ರ ಮೊಡವೆ, ರಕ್ತದೊತ್ತಡ ಏರಿಕೆ, ಒಳ್ಳೆಯ ಕೊಲೆಸ್ಟರಾಲ್ ಕುಸಿತ, ಹೃದಯದ ಗೋಡೆ ದಪ್ಪವಾಗುವಿಕೆ ಕಂಡುಬರುತ್ತವೆ. ಬಾಯಿಯ ಮೂಲಕ ತೆಗೆದುಕೊಳ್ಳುವ ಗುಳಿಗೆಗಳು ಯಕೃತ್ತಿಗೆ ಹಾನಿ ಮಾಡುತ್ತವೆ. ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕಿನ ಭಯವಿದೆ.

ಮನಸ್ಸಿನ ಮೇಲಿನ ಪರಿಣಾಮವೂ ಕಡಿಮೆಯಲ್ಲ. ಬಳಸುವಾಗ ವಿಪರೀತ ಸಿಟ್ಟು, ನಿಲ್ಲಿಸಿದಾಗ ಆಳವಾದ ಖಿನ್ನತೆ ಕಾಡಬಹುದು. ಅಮೆರಿಕದ ಟೆಕ್ಸಾಸ್‌ನ 17 ವರ್ಷದ ಬೇಸ್‌ಬಾಲ್ ಆಟಗಾರ ಟೇಲರ್ ಹೂಟನ್ 2003ರ ಜುಲೈನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಸ್ಟೀರಾಯ್ಡ್ ಬಳಕೆಯೇ ಇದಕ್ಕೆ ಕಾರಣವೆಂದು ನಂಬಿದ ಆತನ ತಂದೆ ಮಗನ ಹೆಸರಿನಲ್ಲಿ ಪ್ರತಿಷ್ಠಾನ ಕಟ್ಟಿ ಶಾಲೆಗಳಲ್ಲಿ ಜಾಗೃತಿ ಮೂಡಿಸಲು ಮುಂದಾದರು.

'ವಿಟಮಿನ್' ಎಂಬ ಹಳೆಯ ಸುಳ್ಳು

ಮಕ್ಕಳಿಗೆ ಸುಳ್ಳು ಹೇಳಿ ಸ್ಟೀರಾಯ್ಡ್ ಕೊಟ್ಟ ಅತಿ ದೊಡ್ಡ ನಿದರ್ಶನ ಹಿಂದಿನ ಪೂರ್ವ ಜರ್ಮನಿಯದು. ಅಲ್ಲಿನ ಸರ್ಕಾರವೇ ಹಮ್ಮಿಕೊಂಡಿದ್ದ ಯೋಜನೆಯಡಿ ಸಾವಿರಾರು ಕ್ರೀಡಾಪಟುಗಳಿಗೆ, ಹದಿಹರೆಯದ ಈಜುಗಾರ್ತಿಯರಿಗೂ, ಓರಲ್ ಟ್ಯುರಿನಬಾಲ್ ಎಂಬ ನೀಲಿ ಗುಳಿಗೆಯನ್ನು ಕೊಡಲಾಗುತ್ತಿತ್ತು. ಎಷ್ಟೋ ಮಕ್ಕಳಿಗೆ ಅದನ್ನು ವಿಟಮಿನ್ ಎಂದೇ ಹೇಳಲಾಗಿತ್ತು. ಬರ್ಲಿನ್ ಗೋಡೆ ಬಿದ್ದು ದಶಕವೇ ಕಳೆದ ಮೇಲೆ, 2000ದಲ್ಲಿ, ಆ ದೇಶದ ಕ್ರೀಡಾ ಮುಖ್ಯಸ್ಥ ಮ್ಯಾನ್‌ಫ್ರೆಡ್ ಎವಾಲ್ಡ್ ಹಾಗೂ ವೈದ್ಯ ಮ್ಯಾನ್‌ಫ್ರೆಡ್ ಹೊಪ್ನರ್ ಅವರನ್ನು ನ್ಯಾಯಾಲಯ ದೋಷಿಗಳೆಂದು ಘೋಷಿಸಿತು.

ಇಂದು ಕೊಡುವವರಿಗೇ ಗೊತ್ತಿಲ್ಲದೆ ಸ್ಟೀರಾಯ್ಡ್ ಮಗುವಿನ ಹೊಟ್ಟೆ ಸೇರುವ ಸಾಧ್ಯತೆಯೂ ಇದೆ. ಜರ್ಮನಿಯ ಕಲೋನ್ ಪ್ರಯೋಗಾಲಯವು 2000-01ರಲ್ಲಿ 13 ದೇಶಗಳಿಂದ ಖರೀದಿಸಿದ 634 ಪೂರಕ ಆಹಾರಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 94ರಲ್ಲಿ, ಅಂದರೆ ಶೇ 14.8ರಷ್ಟರಲ್ಲಿ, ಚೀಟಿಯಲ್ಲಿ ನಮೂದಿಸದ ಸ್ಟೀರಾಯ್ಡ್ ಅಂಶಗಳಿದ್ದವು. ಡಬ್ಬಿಯ ಮೇಲಿನ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ತಯಾರಕರ ನೋಂದಣಿಯನ್ನು ಮಾತ್ರ ತಿಳಿಸುತ್ತದೆ. ಒಳಗೆ ಉದ್ದೀಪನ ಮದ್ದು ಇಲ್ಲವೆಂಬ ಖಾತರಿಯನ್ನು ಅದು ನೀಡುವುದಿಲ್ಲ.

ಭಾರತದ ಸ್ಥಿತಿ

ವಿಶ್ವ ಉದ್ದೀಪನ ಮದ್ದು ತಡೆ ಘಟಕದ (ವಾಡಾ) ಅಂಕಿಅಂಶಗಳ ಪ್ರಕಾರ 2023ರಲ್ಲಿ ಭಾರತ 5,606 ಮಾದರಿಗಳನ್ನು ಪರೀಕ್ಷಿಸಿದ್ದು, 213 ಮಾದರಿಗಳಲ್ಲಿ ನಿಷೇಧಿತ ವಸ್ತು ಪತ್ತೆಯಾಯಿತು. 2024ರಲ್ಲಿ 7,113 ಮಾದರಿಗಳಲ್ಲಿ 260 ಪಾಸಿಟಿವ್ ಬಂದವು. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳ ಪೈಕಿ ಈ ಪ್ರಮಾಣ ಅತಿ ಹೆಚ್ಚು. ಅಪ್ರಾಪ್ತ ಕ್ರೀಡಾಪಟುಗಳ ಬಗ್ಗೆ ವಾಡಾ 2024ರ ಜನವರಿಯಲ್ಲಿ ಪ್ರಕಟಿಸಿದ ವರದಿಯಲ್ಲಿ ಶಿಕ್ಷೆಗೊಳಗಾದ ಅತಿ ಕಿರಿಯ ಮಗುವಿನ ವಯಸ್ಸು ಕೇವಲ 12.

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆದ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ಇಡೀ ದೇಶದ ಗಮನ ಸೆಳೆಯಿತು. ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜುಗಳ ವಿಡಿಯೊ ಹರಿದಾಡಿತು. ನಾಡಾ ಅಧಿಕಾರಿಗಳು ಬಂದ ಸುದ್ದಿ ತಿಳಿಯುತ್ತಿದ್ದಂತೆ ಹಲವು ಸ್ಪರ್ಧಿಗಳು ಕಣಕ್ಕಿಳಿಯಲೇ ಇಲ್ಲ. ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ ಓಟಗಾರ.

ಪರೀಕ್ಷೆಯೊಂದೇ ಮದ್ದಲ್ಲ

ಹಾಗಾದರೆ ಶಾಲೆಗಳಲ್ಲೂ ಮೂತ್ರ ಪರೀಕ್ಷೆ ನಡೆಸಬಹುದಲ್ಲ ಎಂಬ ಪ್ರಶ್ನೆ ಸಹಜ. ಟೆಕ್ಸಾಸ್ ರಾಜ್ಯ ಇದನ್ನೇ ಮಾಡಿ ನೋಡಿತು. 2007ರ ಕಾನೂನಿನಡಿ ಹತ್ತಾರು ಸಾವಿರ ಪ್ರೌಢಶಾಲಾ ಕ್ರೀಡಾಪಟುಗಳನ್ನು ಅಪಾರ ವೆಚ್ಚದಲ್ಲಿ ಪರೀಕ್ಷಿಸಲಾಯಿತು. ಸಿಕ್ಕಿಬಿದ್ದವರು ಬೆರಳೆಣಿಕೆಯಷ್ಟು. 2015ರಲ್ಲಿ ಕಾರ್ಯಕ್ರಮವನ್ನೇ ಕೈಬಿಡಲಾಯಿತು.

ಇದಕ್ಕಿಂತ ಭಿನ್ನ ಹಾದಿ ಹಿಡಿದದ್ದು ಒರೆಗಾನ್ ರಾಜ್ಯದ ವೈದ್ಯ ಸಂಶೋಧಕರು. ಲಿನ್ ಗೋಲ್ಡ್‌ಬರ್ಗ್, ಡಯಾನ್ ಎಲಿಯಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ 'ಅಟ್ಲಾಸ್' ಎಂಬ ಕಾರ್ಯಕ್ರಮ ರೂಪಿಸಿ 31 ಪ್ರೌಢಶಾಲೆಗಳ ಅಮೆರಿಕನ್ ಫುಟ್‌ಬಾಲ್ ಆಟಗಾರರ ನಡುವೆ ಪರೀಕ್ಷೆಗೆ ಒಡ್ಡಿದರು. ಅದಕ್ಕೂ ಮೊದಲೇ ಅವರು ಕಂಡುಕೊಂಡ ಅಂಶ ಗಮನಾರ್ಹ: ಅಪಾಯವನ್ನಷ್ಟೇ ಪಟ್ಟಿ ಮಾಡಿ ಹೆದರಿಸುವ ಉಪನ್ಯಾಸ ಹುಡುಗರ ಮೇಲೆ ಪರಿಣಾಮ ಬೀರುವುದಿಲ್ಲ. ಸ್ನಾಯು ಬೆಳೆದದ್ದನ್ನು ಕಣ್ಣಾರೆ ಕಂಡ ಹುಡುಗ ಬರೀ ಹೆದರಿಸುವವರ ಮಾತನ್ನೇ ನಂಬುವುದಿಲ್ಲ.

ಅಟ್ಲಾಸ್‌ನಲ್ಲಿ ಪಾಠ ಮಾಡಿದವರು ತಂಡದ ತರಬೇತುದಾರರು ಮತ್ತು ತಂಡದಿಂದಲೇ ಆರಿಸಿದ ಹಿರಿಯ ಆಟಗಾರರು. ಸ್ಟೀರಾಯ್ಡ್‌ನ ಪರಿಣಾಮ, ದುಷ್ಪರಿಣಾಮ ಎರಡನ್ನೂ ಮುಚ್ಚಿಡದೆ ಹೇಳಿ, ಅದಿಲ್ಲದೆ ಬಲ ಹೆಚ್ಚಿಸುವ ಆಹಾರ ಮತ್ತು ವ್ಯಾಯಾಮ ಕಲಿಸಲಾಯಿತು. ಯಾರಾದರೂ ಕೊಡಲು ಬಂದರೆ ನಿರಾಕರಿಸುವುದು ಹೇಗೆಂಬುದನ್ನು ಆಡಿ ತೋರಿಸಲಾಯಿತು. ಸ್ಟೀರಾಯ್ಡ್ ಬಳಸುವ ಇಚ್ಛೆ ಈ ಮಕ್ಕಳಲ್ಲಿ ಇತರರಿಗಿಂತ ಕಡಿಮೆಯಾದದ್ದು ಅಧ್ಯಯನದಲ್ಲಿ ದೃಢಪಟ್ಟಿತು. ಹುಡುಗಿಯರಿಗಾಗಿ 'ಅಥೀನಾ' ಎಂಬ ಪ್ರತ್ಯೇಕ ಕಾರ್ಯಕ್ರಮವನ್ನೂ ಇದೇ ತಂಡ ರೂಪಿಸಿತು.

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಸಂಜೆಯ ಅಭ್ಯಾಸದ ಬಳಿಕ ಅರ್ಧ ಗಂಟೆ ಸಮಯ ಹಾಗೂ ಮಕ್ಕಳು ನಂಬುವ ಒಬ್ಬ ಗುರು ಇದ್ದರೆ ಸಾಕು. ನಮ್ಮ ಪ್ರೌಢಶಾಲೆಗಳಿಗೂ ಇದು ಎಟುಕುವ ಮಾರ್ಗ.

ಜೋಳ, ತೊಗರಿಯ ನಾಡಿನಲ್ಲಿ ಪುಡಿ ಏಕೆ?

ಪೂರಕ ಪುಡಿಗಳ ಮೋಹಕ್ಕೆ ಉತ್ತರ ಕಲಬುರಗಿ ಜಿಲ್ಲೆಯ ಅಡುಗೆಮನೆಯಲ್ಲೇ ಇದೆ. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಕಠಿಣ ಅಭ್ಯಾಸ ನಡೆಸುವ 50 ಕಿಲೊ ತೂಕದ ಬಾಲಕನಿಗೆ ದಿನಕ್ಕೆ 75 ಗ್ರಾಂ ಆಸುಪಾಸು ಪ್ರೋಟೀನ್ ಸಾಕು. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ಸುಮಾರು 30 ಗ್ರಾಂ, 75 ಗ್ರಾಂ ತೊಗರಿ ಬೇಳೆಯಿಂದ 16, 40 ಗ್ರಾಂ ಶೇಂಗಾದಿಂದ 10, ಒಂದು ಮೊಟ್ಟೆಯಿಂದ 6, ಎರಡು ಲೋಟ ಹಾಲಿನಿಂದ 13 ಗ್ರಾಂ ಸಿಗುತ್ತದೆ. ಒಟ್ಟು ಲೆಕ್ಕ 75. ಮೊಟ್ಟೆ ತಿನ್ನದವರು ಬೇಳೆ, ಕಡಲೆ, ಮೊಸರು ಹೆಚ್ಚಿಸಿಕೊಳ್ಳಬಹುದು.

ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಆರಂಭವಾದ ಮೊಟ್ಟೆ ವಿತರಣೆಯನ್ನು ನಂತರ ರಾಜ್ಯಕ್ಕೆಲ್ಲ ವಿಸ್ತರಿಸಲಾಯಿತು. ಓಡುವಾಗ ಬೇಗ ದಣಿಯುವ ಹುಡುಗಿಗೆ ಬೇಕಿರುವುದು 'ತಾಕತ್ತಿನ ಸೂಜಿ' ಅಲ್ಲದೆ ರಕ್ತಹೀನತೆಯ ತಪಾಸಣೆ ಆಗಿರಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಉದ್ದೀಪನ ಮದ್ದಲ್ಲ. ಅದನ್ನು ಭಯವಿಲ್ಲದೆ ತೆಗೆದುಕೊಳ್ಳಬಹುದು.

ಕಾನೂನು ಏನು ಹೇಳುತ್ತದೆ?

ಸ್ನಾಯುವರ್ಧಕ ಸ್ಟೀರಾಯ್ಡ್‌ಗಳು ಔಷಧ ನಿಯಮಗಳ 'ಎಚ್' ಅನುಸೂಚಿಯಲ್ಲಿವೆ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಬಾಲಕನೊಬ್ಬ ಒಂಟಿಯಾಗಿ ಬಂದು ಇಂಥ ಸೂಜಿ ಕೇಳಿದರೆ ಅಂಗಡಿಯವರು ಬರಿಗೈಲಿ ಕಳುಹಿಸುವುದೇ ಕಾನೂನು.

ಸಂಸತ್ತು 2022ರಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯನ್ನು ಅಂಗೀಕರಿಸಿ ನಾಡಾಕ್ಕೆ ಶಾಸನದ ಬಲ ಕೊಟ್ಟಿತು. 2021ರ ಜನವರಿ 1ರಂದು ಜಾರಿಗೆ ಬಂದ ವಾಡಾ ಸಂಹಿತೆಯು 16 ವರ್ಷ ತುಂಬದ ಮಕ್ಕಳನ್ನು 'ಸಂರಕ್ಷಿತ ವ್ಯಕ್ತಿ'ಗಳೆಂದು ಗುರುತಿಸಿ, ಅವರ ಶಿಕ್ಷೆಯಲ್ಲಿ ಸಡಿಲಿಕೆಗೆ ದಾರಿ ಮಾಡಿತು. ಆದರೆ ಅಂಥ ಮಗುವಿಗೆ ಸ್ಟೀರಾಯ್ಡ್ ಕೊಟ್ಟದ್ದು ಸಾಬೀತಾದ ತರಬೇತುದಾರನಿಗೆ ಆಜೀವ ನಿಷೇಧ ವಿಧಿಸಿತು. ಮಗುವಿಗೆ ಕರುಣೆ, ಕೊಟ್ಟವನಿಗೆ ಕಠಿಣ ಶಿಕ್ಷೆ ಎಂಬುದೇ ಇದರ ಆಶಯ.

ಯಾರು ಏನು ಮಾಡಬೇಕು?

* ಮಕ್ಕಳು: ಏನನ್ನೇ ನುಂಗುವ ಅಥವಾ ಚುಚ್ಚಿಸಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಇದರ ಹೆಸರೇನು? ಯಾವ ವೈದ್ಯರು ಬರೆದಿದ್ದಾರೆ? ನನ್ನ ಮನೆಯವರಿಗೆ ಗೊತ್ತಿದೆಯೆ? ಒಂದಕ್ಕೆ ಉತ್ತರ ಸಿಗದಿದ್ದರೂ ಬೇಡ ಎನ್ನಬೇಕು.

* ದೈಹಿಕ ಶಿಕ್ಷಣ ಶಿಕ್ಷಕರು: ತಂಡದ ಯಾವ ಮಗುವಿಗೂ ಗುಳಿಗೆ, ಪುಡಿ, ಸೂಜಿಯನ್ನು ತಾವಾಗಿ ಕೊಡುವುದಿಲ್ಲ ಎಂಬ ನಿಯಮವನ್ನು ಪೋಷಕರ ಸಭೆಯಲ್ಲೇ ಪ್ರಕಟಿಸಬೇಕು. ಹಿರಿಯ ಆಟಗಾರರಿಂದ ಕಿರಿಯರಿಗೆ ಪಾಠ ಹೇಳಿಸಬೇಕು.

* ಪೋಷಕರು: ಕೆಲವೇ ವಾರಗಳಲ್ಲಿ ವಿಪರೀತ ತೂಕ ಏರಿಕೆ, ಬೆನ್ನ ತುಂಬ ಮೊಡವೆ, ಕಾರಣವಿಲ್ಲದ ಸಿಟ್ಟು, ಹುಡುಗಿಯ ಧ್ವನಿ ಬದಲಾವಣೆ, ಚೀಲದಲ್ಲಿ ಸಿರಿಂಜು ಕಂಡರೆ ಎಚ್ಚರಗೊಳ್ಳಬೇಕು. ಬೈದು ಹೊಡೆದರೆ ಮಗು ಮುಚ್ಚಿಡುತ್ತದೆ. ತಾಲ್ಲೂಕು ಆಸ್ಪತ್ರೆಗೆ ಅಥವಾ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಕರೆದೊಯ್ಯಬೇಕು. ಬಹುಕಾಲ ಬಳಸಿದ್ದರೆ ವೈದ್ಯರ ನಿಗಾದಲ್ಲೇ ನಿಲ್ಲಿಸಬೇಕು.

* ಶಾಲೆ ಮತ್ತು ಇಲಾಖೆ: ಪದಕ ಗೆದ್ದವರನ್ನಷ್ಟೇ ಸನ್ಮಾನಿಸದೆ, ತಮ್ಮದೇ ಹಿಂದಿನ ದಾಖಲೆ ಸುಧಾರಿಸಿಕೊಂಡ ಮಕ್ಕಳನ್ನೂ ಗುರುತಿಸಬೇಕು.

ಔಷಧವೊಂದು ನಿಷೇಧಿತ ಪಟ್ಟಿಯಲ್ಲಿದೆಯೇ ಎಂದು ತಿಳಿಯಲು ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್ ಬಳಸಬಹುದು. ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಇದೆ. ಹಿರಿಯರೇ ಬಲವಂತ ಮಾಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಕಿಣ್ಣಿ ಸುಲ್ತಾನದಂಥ ಊರಿನ ಓಟಗಾರ ಆಳಂದದ ಕೂಟ ಗೆದ್ದು, ಕಲಬುರಗಿ ದಾಟಿ, ಮುಂದೊಂದು ದಿನ ರಾಷ್ಟ್ರಮಟ್ಟದ ಪರೀಕ್ಷೆಯ ಕೊಠಡಿಯ ಮುಂದೆ ನಿಲ್ಲುತ್ತಾನೆ. ಅಂದು ಆತನ ಮಾದರಿ ಶುದ್ಧವಾಗಿರಬೇಕಾದರೆ 'ಬೇಡ' ಎನ್ನುವ ಅಭ್ಯಾಸ ಹೈಸ್ಕೂಲಿನ ಮೈದಾನದಲ್ಲೇ ಆಗಿರಬೇಕು. ಅದನ್ನು ಕಲಿಸಲು ದೆಹಲಿಯಿಂದ ಯಾರೂ ಬರಬೇಕಿಲ್ಲ.